ಫ್ರೀಜರಿನಲ್ಲಿಟ್ಟ ಗ್ಯಾಸ್ಕೆಟ್

ಬೆಳಗಾವಿ

ಚಿ. ಸಿಂಧುವಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ಬರಿದೇ ‘ಹೂಂ’ಗುಟ್ಟಿ ಇಟ್ಟುಬಿಟ್ಟೆ. ಬೇಜಾರಾಗಿರಬೇಕು ನಿನಗೆ. ‘ಕಳೆದ ಲಾಟಿನಲ್ಲೂ ಸೀಲುಗಳು ಹೀಗೇ ಇದ್ದವು, ಒಂದು ದೂರೂ ಬರಲಿಲ್ಲ, ಸಹಿ ಹಾಕಮ್ಮ’ ಎಂದರಂತೆ ನಿನ್ನ ಹಿರಿಯರು. ಆ ಮಾತು ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಟಿವಿ ಹಾಕಿಕೊಂಡು, ನೀನು ಹೋದ ವರ್ಷ ನೋಡು ನೋಡು ಎಂದು ಪೀಡಿಸುತ್ತಿದ್ದ ಆ ಚಾಲೆಂಜರ್ ತನಿಖೆಯ ನಾಟಕವನ್ನು ನೋಡಿದೆ; 1986ರ ಜನವರಿಯಲ್ಲಿ ಹಾರಿದ ಸ್ವಲ್ಪ ಹೊತ್ತಿಗೇ ಸಿಡಿದು ಒಳಗಿದ್ದವರೆಲ್ಲ ಸತ್ತ ಅಮೆರಿಕದ ಬಾಹ್ಯಾಕಾಶ ನೌಕೆ ಅದು. 2013ರಲ್ಲಿ ಬಿಬಿಸಿಯವರು ಮಾಡಿದ್ದು, ವಿಲಿಯಂ ಹರ್ಟ್ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಆಗಿರುವುದು.

ನಟನೆ ಚೆನ್ನಾಗಿದೆ. ಒಳಗೊಳಗೇ ಕ್ಯಾನ್ಸರ್ ತಿನ್ನುತ್ತಿರುವ ಮನುಷ್ಯ, ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಯಾರೂ ಬಾಯಿ ಬಿಡದಿದ್ದಾಗ ಪಡುವ ಸಿಡಿಮಿಡಿ ಇದೆಯಲ್ಲ, ಅದು ನನಗೆ ಬಹಳ ಹಿಡಿಸಿತು. 1986ರ ಫೆಬ್ರುವರಿ 11ರ ವಿಚಾರಣೆಯಲ್ಲಿ, ಕ್ಯಾಮೆರಾಗಳ ಮುಂದೆ, ರಾಕೆಟ್ಟಿನ ಬಿಸಿ ಅನಿಲ ಹೊರಬಾರದಂತೆ ತಡೆಯುವ ರಬ್ಬರ್ ಸೀಲಿನ ತುಂಡೊಂದನ್ನು ಕ್ಲಾಂಪಿನಲ್ಲಿ ಬಿಗಿದು ಐಸ್‌ನೀರಿನ ಲೋಟಕ್ಕೆ ಹಾಕಿದ್ದು ನಿನಗೂ ನೆನಪಿದ್ದೀತು. ಹೊರಗೆ ತೆಗೆದು ಕ್ಲಾಂಪ್ ಸಡಿಲಿಸಿದರೆ ರಬ್ಬರು ಕೂಡಲೇ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಚಳಿಗೆ ಅದು ಮಂದವಾಗಿತ್ತು.

ಅಷ್ಟು ನೋಡಿ ನನಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ, ನಿನ್ನಮ್ಮ ಕುಕ್ಕರಿನ ಸಡಿಲ ಗ್ಯಾಸ್ಕೆಟ್ಟನ್ನು ಬಿಗಿಯಾಗಲಿ ಎಂದು ಫ್ರೀಜರಿನಲ್ಲಿಟ್ಟಿರುತ್ತಾಳಲ್ಲ, ಅದನ್ನು ತೆಗೆದು ಒಂದು ಕಡೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ ಮತ್ತೆ ಒಳಗಿಟ್ಟೆ. ಕಾಲು ಗಂಟೆ ಬಿಟ್ಟು ತೆಗೆದರೆ ಕ್ಲಿಪ್ಪಿನ ಹಲ್ಲಿನ ಗುರುತು ಹಾಗೇ ಕೂತಿತ್ತು; ಅಂಗೈಯ ಬಿಸಿ ತಾಗಿದ ಮೇಲೆ ಮೆಲ್ಲಗೆ ಮಾಸಿತು. ಸದ್ದಿಗೆ ಎದ್ದುಬಂದ ನಿನ್ನಮ್ಮ ‘ನಡುರಾತ್ರಿ ಗ್ಯಾಸ್ಕೆಟ್ ಹಿಡಿದು ಏನು ಜಪ ಮಾಡುತ್ತಿದ್ದೀರಿ’ ಎಂದಳು. ಅವಳಿಗೆ ಏನೆಂದು ಹೇಳಲಿ?

ಆದರೆ ಮಗಳೇ, ನನ್ನ ಮನಸ್ಸು ಲೋಟದ ಹತ್ತಿರ ಬಹಳ ಹೊತ್ತು ನಿಲ್ಲಲಿಲ್ಲ. ಫೈನ್‌ಮನ್ ದೊಡ್ಡವರೇ. ಅವರಿಗೂ ಈ ಸುಳಿವು ತಾನಾಗಿ ಹೊಳೆದದ್ದಲ್ಲ. ತನಿಖಾ ಆಯೋಗದಲ್ಲಿದ್ದ ಗಗನಯಾತ್ರಿ ಸ್ಯಾಲಿ ರೈಡ್, ತಾಪಮಾನ ಇಳಿದಂತೆ ಸೀಲು ಎಷ್ಟು ಮಂದವಾಗುತ್ತದೆ ಎಂದು ಬರೆದಿದ್ದ ಹಾಳೆಯೊಂದನ್ನು ಸದ್ದಿಲ್ಲದೆ ಅದೇ ಆಯೋಗದ ಜನರಲ್ ಕುಟಿನಾ ಕೈಗೆ ಕೊಟ್ಟಿದ್ದರು. ಆತ ತಮ್ಮ ಕಾರಿನ ಕಾರ್ಬ್ಯುರೇಟರ್ ರಿಪೇರಿಯ ನೆಪ ತೆಗೆದು ಫೈನ್‌ಮನ್ ಕಿವಿಗೆ ಮಾತು ಹಾಕಿದರು. ಸ್ಯಾಲಿಯ ಹೆಸರು ಹೊರಗೆ ಬಂದದ್ದು 2012ರಲ್ಲಿ ಅವರು ತೀರಿಕೊಂಡ ಮೇಲೆ. ನೌಕರಿಯಲ್ಲಿರುವವರಿಗೆ ನಿಜ ಹೇಳಲು ಎಷ್ಟು ಸುತ್ತುದಾರಿ ಬೇಕಾಗುತ್ತದೆ ನೋಡು.

ನನ್ನನ್ನು ಕಾಡುವುದು ಉಡಾವಣೆಯ ಹಿಂದಿನ ರಾತ್ರಿ, ಜನವರಿ 27. ಫ್ಲಾರಿಡಾದಲ್ಲಿ ನೀರು ಹೆಪ್ಪುಗಟ್ಟುವ ಚಳಿ. ನೌಕೆಯನ್ನು ಮೇಲಕ್ಕೆ ತಳ್ಳುವ ಬೂಸ್ಟರ್ ರಾಕೆಟ್ ತಯಾರಿಸುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ದೂರದ ಯೂಟಾದಲ್ಲಿ ಫೋನಿನ ಮುಂದೆ ಕೂತು, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಎಂದರು. ಒಂದು ವರ್ಷದ ಹಿಂದೆ ಅಷ್ಟು ಚಳಿಯಲ್ಲಿ ಹಾರಿಸಿದಾಗ ಬಿಸಿ ಅನಿಲ ಸೀಲು ದಾಟಿ ಕಪ್ಪು ಮಸಿ ಕಟ್ಟಿತ್ತು. ಆ ಎಂಜಿನಿಯರುಗಳಲ್ಲಿ ಒಬ್ಬರಾದ ರೋಜರ್ ಬೋಯ್‌ಜೋಲಿ ಅದನ್ನು ಕಣ್ಣಾರೆ ಕಂಡವರು. ನಾಸಾದ ಅಧಿಕಾರಿಯೊಬ್ಬರು ‘ಹಾಗಾದರೆ ಯಾವಾಗ ಹಾರಿಸಲಿ, ಮುಂದಿನ ಏಪ್ರಿಲ್‌ನಲ್ಲೋ?’ ಎಂದು ಸಿಡುಕಿದರು. ಐದು ನಿಮಿಷ ಕೊಡಿ ಎಂದು ಕಂಪನಿಯವರು ಫೋನ್ ಮ್ಯೂಟ್ ಮಾಡಿದ್ದು ಅರ್ಧ ಗಂಟೆಯಾಯಿತು. ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷರಿಗೆ ಅವರ ಮೇಲಿನವರು ‘ಎಂಜಿನಿಯರ್ ಟೊಪ್ಪಿಗೆ ತೆಗೆದು ಮ್ಯಾನೇಜರ್ ಟೊಪ್ಪಿಗೆ ಹಾಕಿಕೊಳ್ಳಿ’ ಎಂದರಂತೆ. (ಟೊಪ್ಪಿ ಹಾಕುವುದು ಎಂದರೆ ನಮ್ಮಲ್ಲಿ ಏನರ್ಥ ಎಂದು ಆ ಪುಣ್ಯಾತ್ಮರಿಗೆ ಹೇಳುವವರು ಯಾರು!) ಕಂಪನಿ ಹೂಂ ಎಂದಿತು. ಫ್ಲಾರಿಡಾದಲ್ಲೇ ಇದ್ದ ಅದರ ಹಿರಿಯ ಎಂಜಿನಿಯರ್ ಅಲನ್ ಮ್ಯಾಕ್‌ಡೊನಾಲ್ಡ್ ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಬೇರೊಬ್ಬರು ಯೂಟಾದಲ್ಲಿ ಸಹಿ ಹಾಕಿ ಫ್ಯಾಕ್ಸ್ ಮಾಡಿದರು. ಮರುದಿನ 73 ಸೆಕೆಂಡು. ಏಳು ಜನ.

ಸೀಲು ಸವೆಯುವುದು 1981ರ ಎರಡನೇ ಹಾರಾಟದಲ್ಲೇ ಗೊತ್ತಾಗಿತ್ತು, ಸಿಂಧು. ಪ್ರತಿ ಸಲವೂ ನೌಕೆ ಸುಖವಾಗಿ ಇಳಿಯಿತು. ಇಳಿದಷ್ಟೂ ಧೈರ್ಯ ಬೆಳೆಯಿತು. ದುರಂತದ ಸಂಭವ ಎಷ್ಟು ಎಂದು ಫೈನ್‌ಮನ್ ವಿಚಾರಿಸಿದರೆ, ಕೆಲಸ ಮಾಡುವ ಎಂಜಿನಿಯರುಗಳು ನೂರರಲ್ಲಿ ಒಂದು ಎನ್ನುತ್ತಿದ್ದರು, ಮೇಲಿನವರು ಲಕ್ಷದಲ್ಲಿ ಒಂದು. ಲಕ್ಷದಲ್ಲಿ ಒಂದು ಎಂದರೆ ದಿನಕ್ಕೊಂದರಂತೆ ಮುನ್ನೂರು ವರ್ಷ ಹಾರಿಸಿದರೆ ಒಂದು ಬಿದ್ದೀತು ಎಂದ ಹಾಗೆ.

ನಾಟಕ ಮುಗಿದ ಮೇಲೆ ಬಾಬ್ ಎಬ್ಲಿಂಗ್ ಬಗ್ಗೆ ಹುಡುಕಿ ಓದಿದೆ. ಅದೇ ಕಂಪನಿಯ ಎಂಜಿನಿಯರ್. ದುರಂತಕ್ಕೆ ಸುಮಾರು ನಾಲ್ಕು ತಿಂಗಳು ಮೊದಲು ಅವರು ಬರೆದ ಟಿಪ್ಪಣಿಯ ಮೊದಲ ಪದವೇ ‘ಕಾಪಾಡಿ!’. ಉಡಾವಣೆಯ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಕೆಲಸಕ್ಕೆ ಹೋಗುತ್ತ ಕಾರಿನ ಡ್ಯಾಶ್‌ಬೋರ್ಡಿಗೆ ಗುದ್ದಿ, ‘ಚಾಲೆಂಜರ್ ಸಿಡಿಯುತ್ತದೆ, ಎಲ್ಲರೂ ಸಾಯುತ್ತಾರೆ’ ಎಂದರಂತೆ. ಆಮೇಲೆ ಅಪ್ಪ ಮಗಳು ಒಟ್ಟಿಗೇ ಕೂತು ಟಿವಿಯಲ್ಲಿ ನೋಡಿದರು. ಮೂವತ್ತು ವರ್ಷ ಆತ ತನ್ನನ್ನೇ ಹಳಿದುಕೊಂಡರು. ಎಲ್ಲ ಹೇಳಿದ್ದ ಮನುಷ್ಯ!

ನಾನು ಹೇಳದವನು. ಅದಕ್ಕೇ ಮೊನ್ನೆ ಫೋನಿನಲ್ಲಿ ಬಾಯಿ ಕಟ್ಟಿದ್ದು. ನೀನಿನ್ನೂ ಹುಟ್ಟಿರಲಿಲ್ಲ. ನಾನಿದ್ದ ಫೌಂಡ್ರಿಯಲ್ಲಿ ವಾಲ್ವ್‌ಗಳಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡುವುದು ನನ್ನ ಕೆಲಸ. ಒಂದು ಸಂಜೆ ಪಂಪು ಕೆಟ್ಟಿತ್ತು, ಲಾರಿ ಗೇಟಿನಲ್ಲಿ ನಿಂತಿತ್ತು. ‘ಹೋದ ಸಲದ್ದೇ ಎರಕ, ಏನಾಗುತ್ತದೆ’ ಎಂದರು. ಹನ್ನೆರಡು ವಾಲ್ವ್‌ಗಳಿಗೆ ಪರೀಕ್ಷೆ ಮಾಡದೆ ಸಹಿ ಹಾಕಿದೆ. ಏನೂ ಆಗಲಿಲ್ಲ. ಏನೂ ಆಗಲಿಲ್ಲವಾದ್ದರಿಂದ ಮುಂದಿನ ತಿಂಗಳು ಅವರು ಕೇಳುವ ಮೊದಲೇ ಪೆನ್ನು ತೆಗೆದಿದ್ದೆ. ನಿನ್ನಮ್ಮನಿಗೂ ಇದನ್ನು ಹೇಳಿಲ್ಲ.

ನೀನು ಏನು ಮಾಡಬೇಕು ಎಂದು ನಾನು ಬರೆಯುವುದಿಲ್ಲ. ನೌಕರಿ ನಿನ್ನದು, ಪುಣೆಯ ಮನೆ ಬಾಡಿಗೆಯೂ ನಿನ್ನದೇ. ನೌಕರಿ ಹೋದರೂ ಈ ಮನೆ ಇದೆ, ನಿನ್ನ ಕೋಣೆ ಹಾಗೇ ಇದೆ. ನಿನ್ನೆ ಅಟ್ಟದಿಂದ ನನ್ನ ಹಳೆಯ ಟೆಸ್ಟ್ ರಿಜಿಸ್ಟರ್ ಇಳಿಸಿದೆ. ಆ ಪುಟದ ಫೋಟೋ ತೆಗೆದು ಇಂದು ರಾತ್ರಿ ಕಳಿಸುತ್ತೇನೆ. ಒತ್ತಡದ ಕಾಲಂ ಉದ್ದಕ್ಕೂ ಖಾಲಿ, ಕೆಳಗೆ ಸಹಿ ಮಾತ್ರ ದುಂಡಾಗಿದೆ.

ನಿನ್ನ
ಅಪ್ಪ