ಉಮಾದೇವಿ ತೀರ್ಪಿನ ಜೊತೆ ಹಾಜರಿ ಪಟ್ಟಿಯೂ ಬರಲಿ

ಮಾನ್ಯ ಸಂಪಾದಕರೇ,

ದಿನಗೂಲಿ ನೌಕರರ ಪ್ರಕರಣ ಬಂದರೆ ಸರ್ಕಾರಿ ವಕೀಲರು ಮೊದಲು ಎತ್ತುವುದು ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪನ್ನು; ತಾತ್ಕಾಲಿಕ, ದಿನಗೂಲಿ ನೌಕರರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದ ತೀರ್ಪು ಅದು. ಆದರೆ ಅದರ 53ನೇ ಕಂಡಿಕೆಯನ್ನು ಬಿಟ್ಟು ಓದುವುದು ಅನ್ಯಾಯ. ಮಂಜೂರಾದ ಹುದ್ದೆಯಲ್ಲಿ, ಕೋರ್ಟ್ ಆದೇಶದ ಆಸರೆಯಿಲ್ಲದೆ 10 ವರ್ಷ ದುಡಿದ ಅರ್ಹರನ್ನು ಒಂದು ಬಾರಿಯ ಕ್ರಮವಾಗಿ ಕಾಯಂ ಮಾಡಲು ಅಲ್ಲಿ ಹೇಳಿದೆ.

ಮೇಲಾಗಿ ಕಾಯಮಾತಿ ಬೇರೆ, ಕೆಲಸದಿಂದ ತೆಗೆದ ವಿವಾದ ಬೇರೆ. ಎರಡನೆಯದರಲ್ಲಿ ಪ್ರಶ್ನೆ ಇಷ್ಟೇ: ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸವಾಗಿದೆಯೇ? ನೋಟಿಸು, ಪರಿಹಾರ ಕೊಟ್ಟಿದ್ದೀರಾ? ಸಂಬಳ ಸಹಿತ ರಜೆ, ಸಂಬಳ ಕೊಟ್ಟ ಭಾನುವಾರಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಸಾಬೀತುಪಡಿಸುವ ಹೊಣೆ ಮೊದಲು ಕಾರ್ಮಿಕನದೇ, ನಿಜ. ಆದರೆ ಆತ ಕಟಕಟೆಯಲ್ಲಿ ನಿಂತು ಸಾಕ್ಷ್ಯ ನುಡಿದು, ದಾಖಲೆ ತರಿಸಿ ಎಂದು ಅರ್ಜಿ ಹಾಕಿದ ಮೇಲೂ ಇಲಾಖೆ ಎನ್‌ಎಂಆರ್ (ದಿನಗೂಲಿಗಳ ಹೆಸರುವಾರು) ಹಾಜರಿ ಪಟ್ಟಿ, ಕೂಲಿ ವೋಚರು ಕೊಡದಿದ್ದರೆ ಪ್ರಕರಣ ಕಾರ್ಮಿಕನ ಕಡೆಗೆ ವಾಲುವುದು ಅಲ್ಲೇ. ನಮ್ಮ ರಾಜ್ಯದಿಂದಲೇ ಹೋದ ಯಲ್ಲಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಅರ್ಜಿಯ ಒಂದೊಂದು ಕಂಡಿಕೆಗೂ ಇಲಾಖೆ ಬರೆದುಕೊಡುವ ಕಂಡಿಕೆವಾರು ಉತ್ತರದ ಜೊತೆಗೇ ಮೂಲ ಹಾಜರಿ ಪಟ್ಟಿ, ಮಂಜೂರಾದ ಹುದ್ದೆಗಳ ಆದೇಶವನ್ನು ಸರ್ಕಾರಿ ವಕೀಲರ ಕೈಗಿಡುವಂತೆ ಇಲಾಖೆಗಳಿಗೆ ಸರ್ಕಾರ ಸುತ್ತೋಲೆ ಹೊರಡಿಸಬೇಕು.

— ಕಾರ್ಮಿಕ ಕಾನೂನು ವೃತ್ತಿನಿರತರು, ಧಾರವಾಡ