ಮಾರಿಕಣಿವೆ ನೀರಿನ ಮಟ್ಟ ಬೇಸಿಗೆಲೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ಜಿಲ್ಲಾ ಪುಟದ ಮೂಲೆಲಿ ಮಳೆಗಾಲದಲ್ಲಿ ಒಂದು ಸಣ್ಣ ಬಾಕ್ಸ್ ಬರ್ತದೆ, ವಾಣಿವಿಲಾಸ ಸಾಗರದ, ಅಂದ್ರೆ ನಮ್ಮ ಮಾರಿಕಣಿವೆ ಡ್ಯಾಮಿನ, ಇವತ್ತಿನ ಮಟ್ಟ ಇಷ್ಟಡಿ, ಒಳಹರಿವು ಇಷ್ಟು ಕ್ಯೂಸೆಕ್ ಅಂತ. ಮಳೆ ನಿಂತು ಒಳಹರಿವು ಸೊನ್ನೆ ಆಯ್ತು ಅಂದ್ರೆ ಆ ಬಾಕ್ಸ್ ತೆಗೆದುಬಿಡ್ತೀರಿ, ಮತ್ತೆ ಕಾಣೋದು ಮುಂದಿನ ಮುಂಗಾರಿಗೆ. ಅದನ್ನ ವರ್ಷಪೂರ್ತಿ ಹಾಕಿ ಅಂತ ಕೇಳೋಕೆ ಈ ಪತ್ರ. ಯಾಕೆ ಅಂತ ಹೇಳ್ಬೇಕಾದ್ರೆ ಸ್ವಲ್ಪ ಹಿಂದಿನಿಂದ ಶುರು ಮಾಡ್ಬೇಕು, ಜಾಗ ಸಾಲದಿದ್ರೆ ಕತ್ತರಿಸಿ, ಬೇಡಿಕೆ ಮಾತ್ರ ಉಳಿಸಿ.

ನಾನು 1996ರಲ್ಲಿ ಹೊಸದುರ್ಗ ತಾಲೂಕಿನ ಹಿನ್ನೀರು ಪಕ್ಕದ ಒಂದೂರಿಗೆ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ಬಂದೋನು. ಊರಿಂದ ಒಂದೂವರೆ ಕಿಲೋಮೀಟ್ರು ನಡೆದ್ರೆ ನೀರು. ಅಲ್ಲಿ ಮೀನು ಹಿಡಿಯೋ ಒಬ್ಬರದ್ದು ಒಂದು ಶೆಡ್ಡಿತ್ತು. ಶೆಡ್ಡು ಅಂದ್ರೆ ಎದೆಮಟ್ಟ ಕಲ್ಲುಗೋಡೆ, ಮೇಲೆ ನಾಕು ತಗಡು, ಆಷಾಢದ ಗಾಳಿಗೆ ತಗಡು ಹಾರಬಾರ್ದು ಅಂತ ಅದರ ಮೇಲೆ ಗುಂಡುಕಲ್ಲು, ಒಳಗೆ ಬಲೆ, ತೆಪ್ಪದ ಹುಟ್ಟು, ಒಂದು ಕಂಬಳಿ, ಮೂರು ಕಲ್ಲಿನ ಒಲೆ, ಅಷ್ಟೇ. ಅವರು ನನಗಿಂತ ಹದಿನೈದು ವರ್ಷಕ್ಕೆ ದೊಡ್ಡೋರು, ನಾನು ಅಣ್ಣ ಅಂತಿದ್ದೆ, ಅವರು ಕೊನೇವರೆಗೂ ಮೇಷ್ಟ್ರೇ ಅಂತಲೇ ಕರೆದ್ರು.

ಪೇಪರ್ ಆಗ ನಮ್ಮೂರಿಗೆ ಮಧ್ಯಾಹ್ನದ ಬಸ್ಸಿಗೆ ಬರೋದು. ಸ್ಕೂಲ್ ಬಿಟ್ಟಮೇಲೆ ಅದನ್ನ ಕಂಕುಳಲ್ಲಿ ಇಟ್ಕೊಂಡು ಶೆಡ್ಡಿಗೆ ಹೋಗ್ತಿದ್ದೆ. ಅಣ್ಣಂಗೆ ಓದೋಕೆ ಬರ್ತಿರ್ಲಿಲ್ಲ. ನಾನು ಇನ್ನೂ ದಿಬ್ಬ ಇಳೀತಿದ್ದಾಗಲೇ ಬಲೆ ಹೊಲೀತಾ ಕೂತಲ್ಲಿಂದ "ಎಷ್ಟಡಿ ಮೇಷ್ಟ್ರೇ?" ಅಂತ ಕೂಗೋರು. ಆ ಇಳಿಜಾರಲ್ಲಿ ಅವರು ಸುಣ್ಣ ಬಳಿದ ಕಲ್ಲು ಸಾಲಾಗಿ ಇಟ್ಟಿದ್ರು, ಬೆಳಿಗ್ಗೆ ಎದ್ದ ಕೂಡ್ಲೆ ನೀರು ಯಾವ ಕಲ್ಲು ಮುಟ್ಟಿದೆ ಅಂತ ನೋಡಿ ಇಟ್ಕೊಂಡಿರ್ತಿದ್ರು, ನಾನು ಓದಿದ ಲೆಕ್ಕಕ್ಕೂ ಅವರ ಕಲ್ಲಿಗೂ ತಾಳೆ ಆದ್ರೆ ಅವತ್ತು ಏನೋ ಒಂಥರಾ ಸಮಾಧಾನ. ನಮ್ಮ ಕಡೆ ಮಳೆ ಆಗ್ಲಿ ಬಿಡ್ಲಿ, ಬಾಬಾಬುಡನ್‌ಗಿರಿ ಕಡೆ ಹಿಡ್ಕೋಬೇಕು, ವೇದಾ ಹಳ್ಳ ಅವತಿ ಹಳ್ಳ ಎರಡೂ ಬಂದು ಕಡೂರು ಹತ್ರ ಕೂಡಿ ವೇದಾವತಿ ಆಗಿ ಕೆಂಪಗೆ ಇಳೀಬೇಕು, ಆಗಲೇ ನಮ್ಮ ಕಲ್ಲು ಮುಳುಗೋದು. ಇದನ್ನ ನಾನು ಮಕ್ಕಳಿಗೆ ಪಾಠ ಮಾಡ್ತಿದ್ದೆ ನಿಜ, ಆದ್ರೆ ಕಲಿತಿದ್ದು ಆ ಶೆಡ್ಡಲ್ಲಿ.

ಸಂಕ್ರಾಂತಿ ಕಳೆದ್ರೆ ಬಾಕ್ಸ್ ಇರ್ತಿರ್ಲಿಲ್ಲ. ಅಣ್ಣ ಮಾತ್ರ ಕೇಳೋದು ಬಿಡ್ತಿರ್ಲಿಲ್ಲ. ಹಾಕಿಲ್ಲ ಅಣ್ಣ ಅಂದ್ರೆ, "ಯಾಕೆ, ನೀರು ಇಳಿಯೋದು ಸುದ್ದಿ ಅಲ್ವಾ?" ಅನ್ನೋರು. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ನಾನು ಮೀನು ತಿನ್ನೋನಲ್ಲ. ಅವರ ಒಲೆ ಮೇಲೆ ದಿನಾ ಮೀನಿನ ಸಾರು. ಮೊದಲನೇ ವರ್ಷ ನಾನು ಅಲ್ಲಿ ಏನೂ ಮುಟ್ತಿರ್ಲಿಲ್ಲ, ಮಂಡಕ್ಕಿ ತಗೊಂಡು ಹೋಗ್ತಿದ್ದೆ. ಒಂದಿನ ಹೋದ್ರೆ ಗೋಡೆ ಮೂಲೆಲಿ ಹೊಸ ಮಡಿಕೆ ಒಂದು ಕವುಚಿಟ್ಟಿದೆ, ಅದಕ್ಕೆ ಬೇರೆ ಸೌಟು, ಬೇರೆ ಮುಚ್ಚಳ. ಸಂತೆಲಿ ತಂದಿದ್ರಂತೆ. ಅವತ್ತು ಅದರಲ್ಲಿ ಹುರುಳಿಕಾಳು ಸಾರು ಕುದೀತಿತ್ತು. "ಇದಕ್ಕೆ ಮೀನಿನ ವಾಸ್ನೆನೂ ತಾಕ್ಸಿಲ್ಲ ಮೇಷ್ಟ್ರೇ, ಉಣ್ಣಿ" ಅಂದು ಬಿಸಿ ಮುದ್ದೆ ಹಾಕಿದ್ರು. ಆ ಮಡಿಕೆಲಿ ಅವರು ಇಪ್ಪತ್ತು ವರ್ಷಕ್ಕೂ ಮೇಲೆ ಬೇರೆ ಏನೂ ಬೇಯಿಸ್ಲಿಲ್ಲ. ಬಾಯಿ ಒಡೆದಾಗ ಅಂಚಿಗೆ ತಂತಿ ಸುತ್ತಿ ಇಟ್ಕೊಂಡಿದ್ರು. ನನ್ನ ಟ್ರಾನ್ಸ್‌ಫರ್ ಆಗಿ ಬೇರೆ ಊರಿಗೆ ಹೋದಮೇಲೂ ಭಾನುವಾರ ಬಂದ್ರೆ ಅದು ಒಲೆ ಮೇಲೆ ಇರೋದು.

ಆಮೇಲೆ ಬರದ ವರ್ಷಗಳು ಬಂದ್ವು. ನೀರು ಹಿಂದೆ ಹೋಯ್ತು, ಅಣ್ಣ ಅದರ ಹಿಂದೆನೇ ಶೆಡ್ಡು ಕಿತ್ಕೊಂಡು ಹೋದ್ರು, ಎರಡು ಸಲ ಗೋಡೆ ಬಿಚ್ಚಿ ಕೆಳಗೆ ಕಟ್ಟಿದ್ರು, ಸುಣ್ಣದ ಕಲ್ಲೂ ಕೆಳಗೆ ಇಳಿದ್ವು. 2017ರ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ನಿಂತ್ರೆ ನೀರು ಕಾಣ್ತಿರ್ಲಿಲ್ಲ, ಬಿರುಕು ಬಿಟ್ಟ ಗೋಡು ಮಣ್ಣು ಅಷ್ಟೇ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಗೆಲ್ಲ ಇದೇ ನೀರು ಕುಡಿಯೋಕೆ, ಅದಕ್ಕಾಗಿ ಜನ ಹೋರಾಟ ಮಾಡ್ತಿದ್ರು, ನೀವೂ ಬರೆದ್ರಿ. ಅಣ್ಣ ಬಲೆ ಮಡಚಿ ತಗಡಿನ ಕೆಳಗೆ ಸಿಕ್ಕಿಸಿ ಆ ಗೋಡಲ್ಲಿ ಕಡ್ಲೆ ಹಾಕಿದ್ರು. ಮಗ ಬೆಂಗಳೂರಿಗೆ ಡ್ರೈವರ್ ಕೆಲಸಕ್ಕೆ ಹೋದ. ಬಂದುಬಿಡು ಅಂತ ಅವನು ಕರೆದ್ರೂ ಹೋಗ್ಲಿಲ್ಲ. ಇವರ ಅಪ್ಪ ಸಣ್ಣ ಹುಡುಗ ಇದ್ದಾಗ 1933ರಲ್ಲಿ ಕೋಡಿ ಬಿದ್ದಿದ್ದನ್ನ ಕಂಡಿದ್ರಂತೆ, ಕಣಿವೆಗೆ ಎತ್ತಿನ ಗಾಡಿ ಕಟ್ಕೊಂಡು ಹೋಗಿದ್ರಂತೆ. "ನಾನೂ ಒಂದ್ಸಲ ನೋಡೇ ಹೋಗೋದು" ಅಂತಿದ್ರು. ನೂರಾಮೂವತ್ತು ಅಡಿ ಆಗ್ಬೇಕು ಕೋಡಿ ಬೀಳೋಕೆ. ಆ ಬಿರುಕು ನೆಲದ ಮೇಲೆ ಕೂತು ಆ ಮಾತು ಕೇಳಿದ್ರೆ ನನಗೆ ಗಂಟಲು ಕಟ್ತಿತ್ತು, ಅವರು ಮಾತ್ರ ನಾಳೆ ಸಂತೆಗೆ ಹೋಗ್ತೀನಿ ಅನ್ನೋ ಹಂಗೆ ಹೇಳೋರು.

ಅಣ್ಣ 2021ರ ಮೇ ತಿಂಗಳಲ್ಲಿ ಹೋದ್ರು, ಕೊರೊನಾ ಎರಡನೇ ಅಲೆ. ಆಸ್ಪತ್ರೆಗೆ ಸೇರಿಸಿ ಆರನೇ ದಿನ. ನನ್ನನ್ನ ಒಳಗೆ ಬಿಡ್ಲಿಲ್ಲ, ಯಾರನ್ನೂ ಬಿಡ್ತಿರ್ಲಿಲ್ಲ. ಫೋನಲ್ಲಿ ಒಂದೇ ಸಲ ಮಾತು ಸಿಕ್ತು, ಉಸಿರು ಹಿಡಿದು ಹಿಡಿದು ಅವರು ಕೇಳಿದ್ದು ಅದೇ, ಎಷ್ಟಡಿ ಮೇಷ್ಟ್ರೇ ಅಂತ. ಪೇಪರ್ ತೆಗೆದು ನೋಡ್ದೆ. ಮೇ ತಿಂಗಳು, ಬಾಕ್ಸ್ ಇರ್ಲಿಲ್ಲ. ನೋಡಿ ಹೇಳ್ತೀನಿ ಅಣ್ಣ ಅಂದೆ.

ಅದು ನನಗೆ ಇವತ್ತಿಗೂ ಬಿಟ್ಟಿಲ್ಲ. ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ, ಒಂದು ಅಡಿ ಲೆಕ್ಕ ಹೇಳಿದ್ರೆ ಜೀವ ಉಳೀತಿರ್ಲಿಲ್ಲ. ಆದ್ರೆ ಹೇಳಬಹುದಿತ್ತು.

ಮುಂದಿನ ವರ್ಷ ಏನಾಯ್ತು ನಿಮಗೆ ಗೊತ್ತು, ಮೊದಲ ಪುಟದಲ್ಲಿ ದೊಡ್ಡ ಫೋಟೋ ಹಾಕಿದ್ರಿ. 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು, 89 ವರ್ಷದ ಮೇಲೆ. ಜನ ಬಸ್ಸು, ಟ್ರ್ಯಾಕ್ಟರ್ ಮಾಡ್ಕೊಂಡು ಕಣಿವೆ ಮಾರಮ್ಮನ ಹತ್ರ ಜಾತ್ರೆ ಥರ ಸೇರಿದ್ರು. ನಾನು ಕೋಡಿ ಹತ್ರ ಹೋಗ್ಲಿಲ್ಲ, ಈ ಕಡೆ ಹಿನ್ನೀರಿಗೆ ಬಂದೆ. ಶೆಡ್ಡಿರ್ಲಿಲ್ಲ, ದಿಬ್ಬದ ಮೇಲಿನ ಜಾಲಿಮರಗಳ ಸೊಂಟದವರೆಗೆ ನೀರು. ಹಿನ್ನೀರಿನ ಎಷ್ಟೋ ಜನರ ತೋಟ, ಹೊಲನೂ ಮುಳುಗಿದ್ವು, ಅವರ ಕಷ್ಟದ ಮುಂದೆ ಒಂದು ಶೆಡ್ಡು ಲೆಕ್ಕಕ್ಕಿಲ್ಲ, ಅದೂ ಗೊತ್ತು. ಅಷ್ಟು ನೀರು ನೋಡಿ ಖುಷಿ ಪಡಬೇಕೋ ಅಳಬೇಕೋ ತಿಳೀದೆ ಅತ್ತಿಗೆ ಪಕ್ಕದಲ್ಲಿ ಸುಮ್ನೆ ನಿಂತಿದ್ದೆ. ಅವರೇ ಒಂದು ಹಿಡಿ ಅರಿಶಿನ ಕುಂಕುಮ ಬಿಟ್ಟು ಕೈ ಮುಗಿದ್ರು.

2023ರಲ್ಲಿ ಮಳೆ ಕೈಕೊಡ್ತು. 2024ರ ಬೇಸಿಗೆಲಿ ನೀರು ಇಳೀತಿದೆ ಅಂತ ಯಾರೋ ಹೇಳಿದ್ರು, ಹೋಗಿ ನೋಡಿದ್ರೆ ಗೋಡೆ ಬಿದ್ದು ಬುಡ ಮಾತ್ರ ಉಳಿದಿತ್ತು, ತಗಡು ಒಂದೂ ಇಲ್ಲ. ಒಲೆಯ ಮೂರು ಕಲ್ಲು ಇಟ್ಟ ಜಾಗದಲ್ಲೇ ಇದ್ವು, ಸಂದಿಲೆಲ್ಲ ಬಸವನಹುಳದ ಚಿಪ್ಪು. ಪಕ್ಕದ ಹೂಳು ಕೆದಕಿದ್ರೆ ಮಡಿಕೆ ಬಾಯಿಯ ಅರ್ಧ ಸುತ್ತು ಸಿಕ್ತು, ತುಕ್ಕು ಹಿಡಿದ ತಂತಿ ಇನ್ನೂ ಅದರ ಮೇಲೇ ಇತ್ತು. ಅದನ್ನ ತಂದು ಅತ್ತಿಗೆ ಕೈಗೆ ಕೊಟ್ಟೆ. 2025ರ ಜನವರಿಲಿ ಮತ್ತೆ ಕೋಡಿ ಬಿತ್ತು, ಒಲೆ ಮತ್ತೆ ನೀರೊಳಗೆ.

ಆ ಒಲೆ ಯಾವಾಗ ಮೇಲೆ ಬರ್ತದೆ ಅನ್ನೋದು ನೀರು ಇಳಿಯೋ ಲೆಕ್ಕದಲ್ಲಿದೆ. ಅತ್ತಿಗೆಗೆ ಈಗ ಮಂಡಿನೋವು, ಅಷ್ಟು ದೂರ ನಡೆದು ಹೋಗಿ ನೋಡೋಕಾಗಲ್ಲ, ಸಾಯಂಕಾಲ ನನಗೆ ಫೋನ್ ಮಾಡ್ತಾರೆ. ನಮ್ಮಂಗೆ ಕಾಯೋರು ಇನ್ನೂ ಇದಾರೆ, ನೀರು ಇಳಿದ ಮೇಲೆ ಗೋಡಲ್ಲಿ ಬಿತ್ತೋರು, ತೆಪ್ಪ ಹಾಕೋರು, ಮೋಟ್ರು ಪೈಪು ಮುಂದಕ್ಕೆ ಎಳೆಯೋರು, ಇವರಿಗೆಲ್ಲ ಫೆಬ್ರವರಿ, ಮಾರ್ಚ್, ಏಪ್ರಿಲ್‌ನ ಅಡಿನೇ ಬೇಕಾಗಿರೋದು. ಎರಡು ಸಾಲಿನ ಜಾಗ ಸಾಕು ಸಾರ್, ದಯವಿಟ್ಟು ಹಾಕಿ. ಪೇಪರ್ ಬಂದ ಕೂಡ್ಲೆ ಅತ್ತಿಗೆಗೆ ಓದಿ ಹೇಳ್ತೀನಿ.

ಇಂತಿ,
ಒಬ್ಬ ನಿವೃತ್ತ ಮೇಷ್ಟ್ರು, ಹೊಸದುರ್ಗ ತಾಲೂಕು