ಮಾಗಡಿ ಸಂತೆಯ ಆ ಹಿರಿಯರಿಗೆ

ಯಜಮಾನ್ರೇ, ನಿಮ್ಮ ಹೆಸರೂ ಕೇಳಲಿಲ್ಲ ನಾವು. ನೀವು ಕೋಳಿ ಮಾರುವವರಲ್ಲ, ಸುಮ್ನೆ ಪಕ್ಕದಲ್ಲಿ ನಿಂತಿದ್ದವರು. ನಾವು ಕೊಳ್ಳಲು ಬಂದಿದ್ದ ಗಿರಿರಾಜ (ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕೋಳಿ ತಳಿ) ಮರಿಗಳನ್ನು ಒಂದೊಂದಾಗಿ ಅಂಗೈಲಿಟ್ಟು ನೋಡಿದಿರಿ. ಹಿಂದೆ ಹಿಕ್ಕೆ ಮೆತ್ತಿಕೊಂಡಿದ್ದವನ್ನು ಪಕ್ಕಕ್ಕೆ ಬಿಟ್ಟಿರಿ. "ಕೊಕ್ಕರೆ ರೋಗಕ್ಕೆ ಮೊದಲು ಲಸಿಕೆ ಹಾಕ್ಸಿ, ಒಂದಕ್ಕೆ ಬಂದ್ರೆ ಗೂಡೇ ಖಾಲಿ" ಅಂದಿರಿ. ಪಶು ಆಸ್ಪತ್ರೆಯಲ್ಲಿ ಮರಿಗಳ ಕಣ್ಣಿಗೆ ಆ ಲಸಿಕೆಯ ಹನಿ ಬಿಡಿಸಿದೆವು. ಬೇಸಿಗೆಯಲ್ಲಿ ನಮ್ಮ ಬೀದಿಯ ಎಷ್ಟೋ ಕೋಳಿ ಹೋದವು, ನಮ್ಮವು ಉಳಿದವು.

ಹಸಿ ಹಿಕ್ಕೆ ಗಿಡ ಸುಡುತ್ತೆ, ತರಗೆಲೆ ಜೊತೆ ಗುಂಡಿಯಲ್ಲಿ ಕೊಳೆಸಿ ಹಾಕಿ ಅಂತಲೂ ಹೇಳಿದ್ರಿ ಅಲ್ವಾ? ಹಿತ್ತಲಿನ ಬದನೆ ಈಗ ನಮಗೆ ತಿಂದು ಮುಗಿಯದಷ್ಟು. ಮಗಳಂತೂ ಎದ್ದ ಕೂಡಲೇ ಗೂಡಿಗೆ ಓಡಿ, ಬಿಸಿಬಿಸಿ ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ.

ತುಂಬಾ ಥ್ಯಾಂಕ್ಸ್. ಸಿಕ್ಕರೆ ಒಂದು ಬುಟ್ಟಿ ಬದನೆ, ಮೊಟ್ಟೆ ನಿಮಗೇ. ದುಡ್ಡು ಮಾತ್ರ ಕೊಡೋಕೆ ಬರಬೇಡಿ!